ಅಮ್ಮನಿಗಿಂತ ಎಂಟು ವರ್ಷ ದೊಡ್ಡ ಮಗ

ಸಿನಿಮಾದವರು ಸತ್ತ ಮೂರನೇ ದಿನ ಬೆಳಗಿನ ಬಸ್ಸಿಗೆ ನಮ್ಮೂರಿಗೆ ಬರುತ್ತಾರೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಯಾರಾದರೂ ಬಂದು ಹಾರ ಹಾಕಲಿ ಎಂದು ಕಾಯುತ್ತಾರೆ. ಹಾರ ಹಾಕಿ ಕರೆತರುವುದು, ಉಳಿಯಲು ಜಾಗ ಕೊಡುವುದು, ಟೌನ್ ಹಾಲಿನಲ್ಲಿ ನುಡಿನಮನದ ಸಭೆ ಮಾಡಿ ಕಳಿಸಿಕೊಡುವುದು ನಮ್ಮ ಪಾಲಿಗೆ ಬಂದ ಕೆಲಸ. ಸಭೆಯಲ್ಲಿ ಯಾರದೋ ಬಾಯಿಂದ ಸರಿಯಾದ ಒಂದು ಮಾತು ಹೊರಡಬೇಕು. ಹೊರಟಿತೋ, ವೇದಿಕೆಯ ಕುರ್ಚಿ ಖಾಲಿಯಾಗುತ್ತದೆ. ಹೊದಿಸಿದ ಶಾಲು ಮಾತ್ರ ಕುರ್ಚಿಯ ಮೇಲೆ ಉಳಿಯುತ್ತದೆ. ಆ ಮಾತು ಯಾವುದೆಂದು ಬಂದವರಿಗೂ ಗೊತ್ತಿರುವುದಿಲ್ಲ. ಹೀಗಾಗಿ ನಮ್ಮೂರಿನಲ್ಲಿ ಶಾಲಿಗೆ ಬರವಿಲ್ಲ. ಹಸುಗೂಸನ್ನು ಸುತ್ತುವುದು, ಚಳಿಗಾಲದಲ್ಲಿ ಎಮ್ಮೆಗೆ ಹೊದಿಸುವುದು ಎಲ್ಲ ಜರಿಯಂಚಿನ ಶಾಲನ್ನೇ.

ಬಂದವರಲ್ಲಿ ಒಬ್ಬೊಬ್ಬರದು ಒಂದೊಂದು ಥರ. ಒಬ್ಬ ಹಾಸ್ಯನಟರು ವೇದಿಕೆ ಹತ್ತುವಾಗ ಪಂಚೆ ತೊಡರಿ ಮುಗ್ಗರಿಸಿದರು. ಸಭೆ ಗೊಳ್ಳೆಂದು ನಕ್ಕಿತು. ಅಷ್ಟಕ್ಕೇ ಹೊರಟುಹೋದರು. ಉದ್ದನೆಯ ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದ ನುಡಿನಮನ ಸಮಿತಿಯ ಅಧ್ಯಕ್ಷ ಷಡಾಕ್ಷರಿಯವರು ಇಂದಿಗೂ ಆ ನಟರ ಸಿನಿಮಾ ನೋಡುವುದಿಲ್ಲ. ಒಬ್ಬ ದೊಡ್ಡ ನಿರ್ದೇಶಕರು ಇದ್ದಷ್ಟು ದಿನ ಊರಿನವರು ಪ್ರತಿಯೊಂದನ್ನೂ ಎರಡೆರಡು ಸಲ ಮಾಡಬೇಕಾಯಿತು. ಪೋಸ್ಟ್‌ಮ್ಯಾನ್ ಕೊಟ್ಟ ಕಾಗದವನ್ನು ವಾಪಸು ಇಸಿದುಕೊಂಡು, ಸ್ವಲ್ಪ ದುಃಖದ ಮುಖ ಮಾಡಿ ಮತ್ತೆ ಕೊಟ್ಟ. ಒಂದು ಮದುವೆಯಲ್ಲಿ ತಾಳಿ ಕಟ್ಟಿದ್ದು ಸರಿಬರಲಿಲ್ಲವೆಂದು ಬಿಚ್ಚಿಸಿ ಮತ್ತೊಮ್ಮೆ ಕಟ್ಟಿಸಿದರು. ಎರಡನೇ ಸಲ ಮದುಮಗಳು ನಿಜವಾಗಿ ಅತ್ತಳು, ಅವರಿಗೆ ಸಮಾಧಾನವಾಯಿತು. ಕ್ಯಾಮರಾಮನ್ ಒಬ್ಬರು ಸೊಪ್ಪು ಮಾರುವವರನ್ನೆಲ್ಲ ಎಬ್ಬಿಸಿ ಬೆಳಕು ಬೀಳುವ ಕಡೆ ಕೂರಿಸಿ ಹೋದರು. ಸೊಪ್ಪಿನವರು ಈಗಲೂ ಅಲ್ಲೇ ಕೂರುತ್ತಾರೆ. ಬಿಸಿಲು ಜಾಸ್ತಿ, ಆದರೆ ಕೊತ್ತಂಬರಿ ಬಹಳ ಚೆನ್ನಾಗಿ ಕಾಣುತ್ತದೆ.

ಇವರೆಲ್ಲ ಇಳಿದುಕೊಳ್ಳುತ್ತಿದ್ದದ್ದು ನಮ್ಮ ವಸತಿಗೃಹದಲ್ಲಿ. ನಮ್ಮದು ಎಂದರೆ ಚಿಕ್ಕಮ್ಮ ಅಂಬುಜಾಕ್ಷಿಯವರದು. ಕೆಳಗೆ ಊಟದ ಹಾಲು, ಮೇಲೆ ಕೋಣೆಗಳು, ಪಕ್ಕದ ಮಳಿಗೆಯಲ್ಲಿ ನನ್ನ ಮೈಕ್‌ಸೆಟ್ ಅಂಗಡಿ. ಚಿಕ್ಕಮ್ಮ ಎಂದರೆ ಅಮ್ಮನ ತಂಗಿಯಲ್ಲ, ಅಪ್ಪನ ಎರಡನೇ ಹೆಂಡತಿ. ನಮ್ಮಮ್ಮ ತೀರಿಕೊಂಡ ಮೇಲೆ ಅಪ್ಪ ಇವರನ್ನು ಕಟ್ಟಿಕೊಂಡು ಬಂದಾಗ ನನಗೆ ಮೀಸೆ ಬಂದಿತ್ತು. ಅವರು ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ಒಬ್ಬರನ್ನೊಬ್ಬರು ಏನೆಂದು ಕರೆಯಬೇಕೋ ತಿಳಿಯದೆ, ಎಷ್ಟೋ ದಿನ ಇಬ್ಬರೂ ‘ಊಟಕ್ಕೆ ಬರಬೇಕಂತೆ’, ‘ಸಾರು ಸಾಕಂತೆ’ ಎಂದು ಗೋಡೆಗೆ ಹೇಳಿದಂತೆ ಮಾತಾಡುತ್ತಿದ್ದೆವು. ಒಂದು ದಿನ ನನಗೆ ಜ್ವರ ಬಂತು. ಅವರು ಹಣೆ ಮುಟ್ಟಿ ನೋಡಿ, “ಏನೋ ಇದು, ಕಾದ ಹೆಂಚು ಆಗಿದೀಯಲ್ಲೋ” ಎಂದರು. ಅಂದಿನಿಂದ ಅವರಿಗೆ ನಾನು ‘ನೀನು’, ನನಗೆ ಅವರು ‘ನೀವು’. ಅಪ್ಪ ಹೋಗಿ ಬಹಳ ಕಾಲವಾಯಿತು. ಈಗ ಇಬ್ಬರ ತಲೆಯೂ ನರೆತಿದೆ. ನನ್ನದು ಸ್ವಲ್ಪ ಹೆಚ್ಚು.

ಚಿಕ್ಕಮ್ಮನಿಗೆ ಇದ್ದ ಒಂದೇ ಹುಚ್ಚು ನಿತ್ಯಯುವಕ ಮಕರಂದ್. ಅವರ ಒಂದು ಸಿನಿಮಾವನ್ನೂ ಬಿಟ್ಟವರಲ್ಲ. ಅಪ್ಪನ ಫೋಟೋ ಹಾಲಿನ ಗೋಡೆಯ ಮೇಲಿತ್ತು, ಮಕರಂದರ ಕ್ಯಾಲೆಂಡರು ಅಡುಗೆಮನೆಯಲ್ಲಿ. ಚಿಕ್ಕಮ್ಮ ಹೆಚ್ಚು ಹೊತ್ತು ಇರುತ್ತಿದ್ದದ್ದು ಅಡುಗೆಮನೆಯಲ್ಲಿ. ಸತ್ತು ಬಂದ ಯಾವ ನಟರೇ ಆಗಲಿ, ಎಲೆಗೆ ಅನ್ನ ಬೀಳುವ ಮೊದಲು ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಕೊಡಬೇಕು: “ಮಕರಂದ್ ಹೇಗಿದ್ದಾರೆ? ಆರೋಗ್ಯ ತಾನೆ?”

ಹೀಗಿರುವಾಗ ಕುಸುಮಾವತಿ ಬಂದರು. ತೆರೆಯ ಮೇಲೆ ತಾಯಿ ಎಂದರೆ ಅವರೇ. ಬಿಳಿ ಸೀರೆ, ಹಣೆಯ ಮೇಲೆ ಒಂದು ಬಿಳಿ ಸುರುಳಿ, ಆಗಾಗ ಕೆಮ್ಮು. ಮಗನಿಗಾಗಿ ಕಲ್ಲು ಹೊತ್ತು, ಮುಸುರೆ ತಿಕ್ಕಿ, ಕಡೆಗೆ ಅವನ ತೊಡೆಯ ಮೇಲೆ ಪ್ರಾಣಬಿಡುವ ತಾಯಿ. ಅವರು ಬಸ್ಸಿಳಿದ ದಿನ ಗಂಡಸರೆಲ್ಲ ಬಸ್‌ಸ್ಟ್ಯಾಂಡಿನಲ್ಲಿದ್ದರು. ಸಬ್‌ಇನ್‌ಸ್ಪೆಕ್ಟರು ಟೋಪಿ ತೆಗೆದು ಗೋಳೋ ಎಂದು ಅತ್ತರು. ಅಂಗಡಿ ಸಾಲಿನವರು ಉದ್ದಕ್ಕೂ ಅಡ್ಡಬಿದ್ದರು.

ಕುಸುಮಾವತಿ ಬೆಂಚಿನಿಂದ ಎದ್ದು, ಸೀರೆಯ ನೆರಿಗೆ ಎತ್ತಿ ಹಿಡಿದು, “ಏಳ್ರಯ್ಯಾ, ದಾರಿ ಬಿಡಿ, ಬಸ್ಸಲ್ಲಿ ಕೂತು ಕೂತು ಸೊಂಟ ಹೋಗಿದೆ” ಎಂದರು. ಅದನ್ನೂ ಯಾವುದೋ ಸಿನಿಮಾದ ಮಾತೆಂದು ತಿಳಿದು ಜನ ಇನ್ನಷ್ಟು ಅತ್ತರು.

ಮರುದಿನ ಬೆಳಿಗ್ಗೆ ವಸತಿಗೃಹದ ಮುಂದೆ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಡಬ್ಬಿ, ಡಬ್ಬಿಯೊಳಗೆ ಕಲಸಿದ ಅನ್ನ. ಕುಸುಮಾವತಿಯವರ ಕೈತುತ್ತು ತಿನ್ನಬೇಕಂತೆ. ಎಲ್ಲರಿಗಿಂತ ಮುಂದೆ ಷಡಾಕ್ಷರಿ, ಬಾಯಿ ತೆರೆದುಕೊಂಡೇ ನಿಂತಿದ್ದರು.

“ನನಗೆ ಸಾರು ಮಾಡೋಕೆ ಬರಲ್ಲ, ಯಾರಿಗೂ ತಿನ್ನಿಸಿ ಗೊತ್ತಿಲ್ಲ. ನನಗೆ ಮಕ್ಕಳಿಲ್ಲ,” ಎಂದರು ಕುಸುಮಾವತಿ.

“ನಾವೆಲ್ಲ ಇಲ್ವಾ ಅಮ್ಮಾ?” ಎಂದರು ಷಡಾಕ್ಷರಿ.

ಚಿಕ್ಕಮ್ಮ ಸೌಟು ಹಿಡಿದು ಹೊರಗೆ ಬಂದು ಸಾಲನ್ನು ಚದುರಿಸಿದರು. ಆದರೆ ಚದುರಿದವರು ಸಂಜೆ ಮತ್ತೆ ಬಂದರು, ಈ ಸಲ ಹೆಂಡತಿಯರ ಮೇಲಿನ ದೂರು ಹೊತ್ತುಕೊಂಡು. ಯಾರದೋ ಮನೆಯಲ್ಲಿ ಉಪ್ಪಿಟ್ಟು ಗಂಟುಗಂಟಾಗಿದ್ದರೂ ಅದು ಕುಸುಮಾವತಿಯವರ ಕಿವಿಗೆ ಬೀಳಬೇಕು. ಊರಿನ ಹೆಂಗಸರು ಬಂದು ಚಿಕ್ಕಮ್ಮನ ಹತ್ತಿರ, “ಅಂಬುಜಕ್ಕಾ, ಇವರನ್ನ ಬೇಗ ಕಳಿಸಿಕೊಡಿ. ಒಬ್ಬ ಅತ್ತೆನೇ ಸಾಕಾಗಿದೆ ನಮಗೆ” ಎಂದು ಗೋಳಾಡಿದರು.

ಕಳಿಸಲು ಸಭೆ ಮಾಡಲಿಲ್ಲವೆಂದಲ್ಲ. ಮೊದಲ ಸಭೆಯಲ್ಲಿ ಷಡಾಕ್ಷರಿ, “ತಾಯಿ ಎಂಬ ಎರಡಕ್ಷರಕ್ಕೆ ಜೀವ ತುಂಬಿದ ಮಹಾಮಾತೆ” ಎಂದು ಶುರುಮಾಡಿ ತಮ್ಮ ತಾಯಿ ಮಾಡುತ್ತಿದ್ದ ಹುರಿಗಾಳಿನ ಉಂಡೆಗೆ ಬಂದು, ಅಲ್ಲೇ ಅಳುತ್ತ ಕೂತುಬಿಟ್ಟರು. ಆಮೇಲೆ ಎದ್ದವರೆಲ್ಲರೂ ಅವರವರ ಅಮ್ಮನ ಬಗ್ಗೆ ಮಾತಾಡಿದರು. ಪಶುವೈದ್ಯರು ಗೋಮಾತೆಯವರೆಗೂ ಹೋದರು. ಕುಸುಮಾವತಿ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿದ್ದರು. ಕಡೆಗೆ ನನ್ನ ಕಡೆ ತಿರುಗಿ, “ಮೈಕ್ ಇಲ್ಲಿ ಕೊಡಪ್ಪ” ಎಂದರು. ಕೊಟ್ಟೆ.

“ನಿಮ್ಮ ತಾಯಂದಿರಿಗೆಲ್ಲ ನನ್ನ ನಮಸ್ಕಾರ. ಇನ್ನು ನನ್ನ ವಿಷಯ ಶುರು ಮಾಡಿ.”

ಸಭೆ ತಬ್ಬಿಬ್ಬಾಯಿತು. ಸತ್ತವರು ತಮ್ಮ ನುಡಿನಮನಕ್ಕೆ ತಕರಾರು ಎತ್ತಿದ್ದು ಅದೇ ಮೊದಲು. ಷಡಾಕ್ಷರಿ ಕೈಮುಗಿದು, “ನಿಮ್ಮ ವಿಷಯ ಅಂದ್ರೆ ತಾಯ್ತನ ತಾನೇ ಅಮ್ಮಾ?” ಎಂದರು. ಕುಸುಮಾವತಿ ಮೈಕನ್ನು ನನ್ನ ಕೈಗೆ ವಾಪಸು ಕೊಟ್ಟರು. ಆಮೇಲೆ ಇನ್ನೂ ಸಭೆಗಳಾದವು. ಹಾಡಿಸಿದರು, ಆರತಿ ಎತ್ತಿದರು, ಶಾಲಿನ ಮೇಲೆ ಶಾಲು ಹೊದಿಸಿ ಅವರಿಗೆ ಸೆಕೆ ಮಾಡಿಸಿದರು. ಕುರ್ಚಿ ಖಾಲಿಯಾಗಲಿಲ್ಲ.

ಚಿಕ್ಕಮ್ಮನಿಗೂ ಅವರಿಗೂ ಅಷ್ಟರಲ್ಲಿ ಸ್ನೇಹ ಬೆಳೆದಿತ್ತು. ಮಧ್ಯಾಹ್ನ ಊಟದವರು ಎದ್ದ ಮೇಲೆ ಇಬ್ಬರೂ ಜಗುಲಿಯಲ್ಲಿ ಇಸ್ಪೀಟು ಹಾಕುವರು. ಕುಸುಮಾವತಿ ಮೋಸ ಮಾಡುವರು, ಸಿಕ್ಕಿಬಿದ್ದರೆ ಕೆಮ್ಮುವರು. “ಅಷ್ಟು ಸಲ ಸತ್ತಿದ್ದೀನಿ ನೋಡಿ, ಈ ಸಲದ್ದು ಗೊತ್ತೇ ಆಗಲಿಲ್ಲ. ಡೈರೆಕ್ಟರು ಕಟ್ ಅಂತಾರೆ, ಎದ್ದು ಕಾಫಿ ಕುಡಿಯೋಣ ಅಂತ ಕಾಯ್ತಾ ಮಲಗಿದ್ದೆ” ಎಂದು ಒಮ್ಮೆ ಹೇಳಿದರು.

ಅವತ್ತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಅಲ್ಲೇ ಕೂತು ಹಾರ್ನ್ ಸ್ಪೀಕರೊಂದನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದೆ. ಚಿಕ್ಕಮ್ಮ ತಮ್ಮ ಎಂದಿನ ವಿಷಯಕ್ಕೆ ಬಂದರು. “ಮಕರಂದ್ ಜೊತೆ ಅಷ್ಟೊಂದು ಪಿಕ್ಚರ್ ಮಾಡಿದ್ದೀರಲ್ಲ. ಎಲ್ಲದರಲ್ಲೂ ನೀವೇ ತಾಯಿ.”

“ಎಲ್ಲದರಲ್ಲೂ ಅಲ್ಲ. ನನ್ನ ಮೊದಲನೇ ಪಿಕ್ಚರ್‌ನಲ್ಲಿ ನಾನು ಹೀರೋಯಿನ್ನು, ಅವರು ಹೀರೋ.”

ಚಿಕ್ಕಮ್ಮನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

“ಉಯ್ಯಾಲೆ ಹಾಡು ಇತ್ತು. ಚೆನ್ನಾಗಿ ಮಾಡಿದ್ದೆ. ಮಾಡ್ತಿರೋವಾಗಲೇ ಗೊತ್ತಾಗ್ತಿತ್ತು, ಇದು ಚೆನ್ನಾಗಿ ಬರ್ತಿದೆ ಅಂತ. ಪಿಕ್ಚರ್ ಓಡಲಿಲ್ಲ. ರೀಲು ಕೂಡ ಈಗ ಎಲ್ಲೂ ಇಲ್ಲವಂತೆ.”

“ಆಮೇಲೆ?”

“ಆಮೇಲೆ ಅವರಿಗೆ ಅತ್ತಿಗೆಯಾದೆ. ಅದರ ಮಾರನೇ ವರ್ಷ ಪ್ರೊಡ್ಯೂಸರ್ ಬಂದು, ತಾಯಿ ಪಾತ್ರದವರು ಕಾಲು ಮುರ್ಕೊಂಡಿದ್ದಾರೆ, ಇದೊಂದು ಸಲ ಮಾಡಿಕೊಡಮ್ಮ ಅಂದ್ರು. ಹೂಂ ಅಂದೆ. ಒಂದು ಸಲ ತಲೆಗೆ ಬಿಳಿ ಬಳಿದ ಮೇಲೆ ಯಾರು ತೊಳೀತಾರೆ? ಇಬ್ಬರಿಗೂ ಒಂದೇ ಮೇಕಪ್ ರೂಮು. ಆ ಕುರ್ಚೀಲಿ ಅವರಿಗೆ ಕಪ್ಪು ಬಳೀತಿದ್ರು, ಈ ಕುರ್ಚೀಲಿ ನನಗೆ ಬಿಳಿ. ಅವರು ನನಗಿಂತ ಎಂಟು ವರ್ಷ ದೊಡ್ಡವರು ಕಣಮ್ಮ.”

“ಛೆ, ಇರಲಿಕ್ಕಿಲ್ಲ” ಎಂದರು ಚಿಕ್ಕಮ್ಮ. ಕುಸುಮಾವತಿ ವಾದ ಮಾಡಲಿಲ್ಲ. ನನ್ನ ಕಡೆ ಗಲ್ಲ ಎತ್ತಿ ತೋರಿಸಿ, “ಈ ನರೆತಲೆಯವರು ನಿಮ್ಮನ್ನ ಚಿಕ್ಕಮ್ಮ ಅಂತಾರಲ್ಲ, ಇವರು ಯಾರು?” ಎಂದು ಕೇಳಿದರು.

“ನನ್ನ ಮಗ.”

“ನಿಮಗೆ ಎಷ್ಟು ವಯಸ್ಸಿದ್ದಾಗ ಹುಟ್ಟಿದ್ರು?”

“ಅವನಿಗೆ ಎರಡು ವರ್ಷ ಆಗಿದ್ದಾಗ ನಾನು ಹುಟ್ಟಿದ್ದು.”

ಕುಸುಮಾವತಿ ಒಂದು ಕ್ಷಣ ನಮ್ಮಿಬ್ಬರನ್ನೂ ನೋಡಿ ನಗಲು ಶುರುಮಾಡಿದರು. ಚಿಕ್ಕಮ್ಮನೂ ನಕ್ಕರು. ಮೊರದಲ್ಲಿದ್ದ ಕಾಳೆಲ್ಲ ಜಗುಲಿಯ ತುಂಬ ಚೆಲ್ಲಿತು. ನಗು ನಿಂತ ಮೇಲೆ ಕುಸುಮಾವತಿ, “ನಿಮಗೆ ಬಿಳಿ ಬಳಿದವರು ಯಾರು?” ಎಂದು ಕೇಳಿದರು.

“ಯಾರೂ ಬಳೀಲಿಲ್ಲ. ಮದುವೆಯಾದ ವಾರಕ್ಕೆ ಮನೆ ಹಿರಿಯರೊಬ್ಬರು, ಬೆಳೆದ ಮಗ ಇರೋ ಮನೆ, ಹೂವು ಸ್ವಲ್ಪ ಕಡಿಮೆ ಮುಡಿಯಮ್ಮ ಅಂದ್ರು. ಕಡಿಮೆ ಮುಡಿದೆ.” ಚಿಕ್ಕಮ್ಮ ಬಗ್ಗಿ ಕಾಳು ಆರಿಸತೊಡಗಿದರು. ನಾನು ಸ್ಪೀಕರಿನೊಳಗೆ ತಲೆ ಹಾಕಿದೆ. ಅವರು ಯಾವತ್ತೂ ನನ್ನ ಮುಂದೆ ಈ ಮಾತು ಎತ್ತಿದವರಲ್ಲ.

ಕಾಳನ್ನೆಲ್ಲ ಮೊರಕ್ಕೆ ಹಾಕಿದ ಮೇಲೆ ಚಿಕ್ಕಮ್ಮನೇ, “ನಾಳೆ ಸಭೇಲಿ ಉಯ್ಯಾಲೆ ಹಾಡಿನ ವಿಷಯ ನಾನು ಹೇಳ್ಲಾ?” ಎಂದರು.

“ನೀವು ನೋಡಿದ್ದೀರಾ ಆ ಹಾಡು?”

“ಇಲ್ಲ.”

“ಮತ್ತೆ?” ಎಂದು ಕುಸುಮಾವತಿ ಇನ್ನೊಂದು ಕಾಯಿ ಸುಲಿದರು.

ಆ ವಾರವೇ ರೇಡಿಯೋದಲ್ಲಿ ಸುದ್ದಿ ಬಂತು. ನಿತ್ಯಯುವಕ ಮಕರಂದ್ ಅಕಾಲ ಮರಣಕ್ಕೆ ತುತ್ತಾಗಿದ್ದರು. ವಯಸ್ಸು ಹೇಳಲಿಲ್ಲ. ಚಿಕ್ಕಮ್ಮ ಒಲೆ ಆರಿಸಿ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ವಸತಿಗೃಹದವರು ಆ ದಿನ ಒಣ ಅವಲಕ್ಕಿ ತಿಂದರು. ಕುಸುಮಾವತಿ ಜಗುಲಿಯಲ್ಲಿ ಒಬ್ಬರೇ ಇಸ್ಪೀಟು ಹರಡಿಕೊಂಡು ಕೂತಿದ್ದರು. ನಾನು ಹತ್ತಿರ ಹೋದಾಗ, “ಅಕಾಲ ಅಂತೆ” ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ.

ಷಡಾಕ್ಷರಿಯವರು ನುಡಿನಮನ ಸಮಿತಿಗೆ ಹೇಗೋ ಹಾಗೆ ಮಕರಂದ್ ಅಭಿಮಾನಿ ಸಂಘಕ್ಕೂ ಅಧ್ಯಕ್ಷರು. ಅವರಿಗೆ ದುಃಖ ಮತ್ತು ಸಂಭ್ರಮ ಎರಡೂ ಒಟ್ಟಿಗೆ ಒತ್ತರಿಸಿ ಬಂದು ಮಾತೇ ತೊದಲಿತು. ಮೊದಲು ಕುಸುಮಾವತಿಯವರನ್ನು ಬೇಗ ಸಾಗಹಾಕಬೇಕು ಎಂದರು. ಆಮೇಲೆ ಕೂತು ಯೋಚಿಸಿ, “ಬೇಡ ಬೇಡ. ತಾಯಿ ಮಗ ಇಬ್ಬರನ್ನೂ ಒಂದೇ ವೇದಿಕೆ ಮೇಲೆ ಕೂರಿಸೋಣ. ಇಂಥ ಭಾಗ್ಯ ಇನ್ಯಾವ ಊರಿಗಿದೆ?” ಎಂದು ಕುಣಿದಾಡಿದರು. ಟೌನ್ ಹಾಲಿನ ಮುಂದೆ ಮಹಡಿ ಎತ್ತರದ ಕಟೌಟ್ ಎದ್ದಿತು. ಅದರಲ್ಲಿ ಮಕರಂದರಿಗೆ ಹೆಚ್ಚೆಂದರೆ ಇಪ್ಪತ್ತೈದು.

ಮೂರನೇ ದಿನ ಬಸ್ಸು ಬಂದಾಗ ಊರಿಗೆ ಊರೇ ನೆರೆದಿತ್ತು. ಕೆಂಪು ಜಾಕೆಟ್ಟು, ಕೊರಳಿಗೆ ಕರವಸ್ತ್ರ, ಹಣೆಯ ಮೇಲೆ ಗುಂಗುರು ಕೂದಲು. ಮಕರಂದ್ ಬಸ್ಸಿನ ಮೆಟ್ಟಿಲಿನಿಂದ ಒಂದೇ ನೆಗೆತಕ್ಕೆ ಹಾರಿದರು. ಜನ ಶಿಳ್ಳೆ ಹೊಡೆದರು. ನಾನು ಪಕ್ಕದಲ್ಲೇ ಇದ್ದದ್ದರಿಂದ ಮೊಣಕಾಲು ಲಟಕ್ ಎಂದದ್ದು ನನಗೆ ಕೇಳಿಸಿತು. ಷಡಾಕ್ಷರಿ ಕುಸುಮಾವತಿಯವರನ್ನು ಮುಂದೆ ತಂದು ನಿಲ್ಲಿಸಿದ್ದರು. ಮಕರಂದರ ಕಣ್ಣು ಅವರ ಮೇಲೆ ಬಿತ್ತು. ಒಂದು ಗಳಿಗೆ ಏನೋ ಹೇಳುವವರಂತೆ ನಿಂತರು. ಜನ ಉಸಿರು ಹಿಡಿದು ಕಾಯುತ್ತಿದ್ದರು. ಮಕರಂದ್ ತೋಳು ಚಾಚಿ, “ಅಮ್ಮಾ! ನಿನ್ನ ಮಗ ಬಂದೆನಮ್ಮಾ!” ಎಂದು ಕೂಗಿ ಅವರ ಕಾಲಿಗೆ ಬಿದ್ದರು.

ಕುಸುಮಾವತಿಯವರ ಬಲಗೈ ತಾನಾಗಿ ಎದ್ದು ಅವರ ತಲೆಯ ಮೇಲೆ ಕೂತಿತು. ಕೆಮ್ಮೂ ಬಂತು. ಊರು ಅತ್ತಿತು. ಕುಸುಮಾವತಿ ಎಡಗೈಯಿಂದ ಆ ಬಲಗೈಯನ್ನು ಹಿಡಿದು ಕೆಳಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ವಸತಿಗೃಹದ ಕಡೆ ನಡೆದುಬಿಟ್ಟರು.

ಮಕರಂದರಿಗೆ ಮೇಲಿನ ಕೋಣೆ ಕೊಟ್ಟಿದ್ದರೂ ಮೆಟ್ಟಿಲು ಹತ್ತಲಾಗಲಿಲ್ಲ. ಊಟದ ಹಾಲಿನ ಪಕ್ಕದ ಉಗ್ರಾಣವನ್ನೇ ಖಾಲಿ ಮಾಡಿ ಮಂಚ ಹಾಕಿದೆವು. ಚಿಕ್ಕಮ್ಮ ಬೀರುವಿನಿಂದ ಒಳ್ಳೆಯ ಸೀರೆ ತೆಗೆದು ಉಟ್ಟು, ಕಾಫಿ ತೆಗೆದುಕೊಂಡು ಹೋದರು. ನಾನು ಅವರ ಹಿಂದೆ ಬಿಸಿನೀರಿನ ಚೀಲ ಹಿಡಿದಿದ್ದೆ. ಬಾಗಿಲು ಅರೆ ತೆರೆದಿತ್ತು. ಗುಂಗುರು ಕೂದಲು ಅಕ್ಕಿ ಮೂಟೆಯ ಮೇಲಿತ್ತು. ಮಂಚದ ಮೇಲೆ ನುಣ್ಣನೆಯ ತಲೆಯ ಮುದುಕರೊಬ್ಬರು ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ನಮ್ಮನ್ನು ಕಂಡು ಗಾಬರಿಯಾಗಿ ತಲೆದಿಂಬಿನ ಚೀಲವನ್ನು ತಲೆಗೆ ಎಳೆದುಕೊಂಡರು.

ಚಿಕ್ಕಮ್ಮ ಏನೂ ಕಾಣದವರಂತೆ ಕಾಫಿ ಇಟ್ಟರು. ಬಿಸಿನೀರಿನ ಚೀಲವನ್ನು ಮೊಣಕಾಲಿನ ಮೇಲೆ ಸರಿಯಾಗಿ ಕೂರಿಸಿದರು.

“ಅವಳು ನನ್ನ ಹತ್ರ ಮಾತಾಡ್ತಾ ಇಲ್ಲ” ಎಂದರು ಮಕರಂದ್.

“ಕಂಡ ಕೂಡಲೆ ಅಮ್ಮಾ ಅಂತ ಕೂಗಿದ್ರೆ ಹೇಗೆ ಮಾತಾಡ್ತಾರೆ?”

“ಮತ್ತೇನಂತ ಕೂಗಲಿ? ಅಷ್ಟು ಪಿಕ್ಚರ್‌ನಲ್ಲಿ ಬೇರೆ ಡೈಲಾಗು ಯಾರೂ ಬರೆದುಕೊಡಲಿಲ್ಲ. ಜನ ಬೇರೆ ನೋಡ್ತಾ ಇದ್ರು. ಜನ ನೋಡ್ತಿದ್ರೆ ನನಗೆ ಅದೇ ಬರೋದು.”

ಚಿಕ್ಕಮ್ಮ ಅಡುಗೆಮನೆಗೆ ವಾಪಸು ಬಂದು ಕ್ಯಾಲೆಂಡರಿನ ಮುಂದೆ ನಿಂತರು. ತೆಗೆಯುತ್ತಾರೇನೋ ಅಂದುಕೊಂಡೆ. ತೆಗೆಯಲಿಲ್ಲ. “ಮೊಣಕಾಲು ಊದಿದೆ ಕಣೋ. ಎಷ್ಟು ಎತ್ತರದಿಂದ ನೆಗೆಸಿದ್ದಾರೋ ಏನೋ ಪಾಪ, ಇಷ್ಟು ವರ್ಷ” ಎಂದರು.

ಸಭೆಯ ದಿನ ಟೌನ್ ಹಾಲಿನ ಕಿಟಕಿಗಳಲ್ಲೂ ಜನ ಕೂತಿದ್ದರು. ವೇದಿಕೆಯ ಮೇಲೆ ಎರಡು ಕುರ್ಚಿ. ಬಿಳಿ ಸೀರೆಯ ಕುಸುಮಾವತಿ, ಕೆಂಪು ಜಾಕೆಟ್ಟಿನ ಮಕರಂದ್. ಷಡಾಕ್ಷರಿ ಬೆವರು ಒರೆಸಿಕೊಳ್ಳುತ್ತ, “ಮುಪ್ಪೇ ಹೆದರಿ ಓಡಿದ ಮಹಾನಟ” ಎಂದರು. ಚಪ್ಪಾಳೆ. “ಇಂಥ ಮಗನನ್ನು ಹಡೆದ ಪುಣ್ಯವಂತೆ” ಎಂದರು. ಇನ್ನೂ ದೊಡ್ಡ ಚಪ್ಪಾಳೆ. ಎರಡೂ ಕುರ್ಚಿ ತುಂಬಿಯೇ ಇದ್ದವು. ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಮಕರಂದ್ ಎಲ್ಲದಕ್ಕೂ ಒಂದೇ ಥರ ಕೈಬೀಸುತ್ತಿದ್ದರು. ಕುಸುಮಾವತಿ ತಮ್ಮ ಬಲಗೈ ಮೇಲೆ ತಾವೇ ಕೂತಿದ್ದರು.

ಆಗ ಹೆಂಗಸರ ಸಾಲಿನಿಂದ ಚಿಕ್ಕಮ್ಮ ಎದ್ದರು. ಸಭೆಗಳಲ್ಲಿ ಅವರು ಹಿಂದಿನಿಂದ ಕಾಫಿ ಕಳಿಸುತ್ತಿದ್ದವರೇ ಹೊರತು ಒಂದು ದಿನ ಮಾತಾಡಿದವರಲ್ಲ. ನೇರ ನನ್ನ ಹತ್ತಿರ ಬಂದು ಕೈಚಾಚಿದರು. ಮೈಕ್ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ವೇದಿಕೆಯ ಕಡೆ ತಿರುಗಿದರು.

“ಮಕರಂದ್ ಅವರೇ, ನಿಮ್ಮ ವಯಸ್ಸೆಷ್ಟು?”

ಸಭೆ ಕುದಿಯಿತು. “ಕೂತ್ಕೊಳ್ಳಮ್ಮ ತಾಯಿ!” ಎಂದು ಯಾರೋ ಕೂಗಿದರು.

“ನಾನು ಯಾರ ತಾಯೀನೂ ಅಲ್ಲ. ಇಗೋ, ಈ ಮೈಕಿನವನಿಗೆ ತಾಯಿ ಅಂತಾರೆ, ಅವನು ನನಗಿಂತ ದೊಡ್ಡವನು. ಇರಲಿ, ಅವನು ಒಳ್ಳೆಯವನು. ನಿಮ್ಮನ್ನ ಕೇಳ್ತಾ ಇದ್ದೀನಿ ಸಾರ್. ನಿಮ್ಮ ಪಿಕ್ಚರ್ ಒಂದೂ ಬಿಟ್ಟಿಲ್ಲ ನಾನು. ಉಯ್ಯಾಲೆ ಹಾಡು ಮಾತ್ರ ನೋಡಲಿಲ್ಲ, ನನ್ನ ಕಾಲಕ್ಕೆ ಅದು ಇರಲಿಲ್ಲ. ಈ ಊರಲ್ಲಿ ಅದನ್ನ ನೋಡಿದವರು ನೀವೊಬ್ಬರೇ. ಹೇಗಿತ್ತು ಹೇಳಿ.”

ಮಕರಂದರ ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಪಕ್ಕದ ಕುರ್ಚಿಯ ಕಡೆ ತಿರುಗಿದರು. ಕುಸುಮಾವತಿ ನೆಲ ನೋಡುತ್ತಿದ್ದರು. ಮಕರಂದ್ ಒಂದು ಕೈಯಲ್ಲಿ ಕುರ್ಚಿ ಹಿಡಿದು ಎದ್ದು, ಇನ್ನೊಂದು ಕೈಯಲ್ಲಿ ಹಣೆಯ ಮೇಲಿನ ಗುಂಗುರನ್ನು ಹಿಡಿದು, ಟೋಪಿ ತೆಗೆದ ಹಾಗೆ ತೆಗೆದರು. ಟ್ಯೂಬ್‌ಲೈಟಿನ ಬೆಳಕು ಅವರ ತಲೆಯ ಮೇಲೆ ಬಿತ್ತು.

“ಸೆಕೆ” ಎಂದರು. ಆಮೇಲೆ ಅವರ ಬಾಯಿಂದ ಬಂದ ದನಿಯನ್ನು ನಾವು ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ; ಸಣ್ಣದು, ಸ್ವಲ್ಪ ಒಡಕು. “ಎಂಬತ್ತೊಂದು ತುಂಬಿತು. ಇವಳು ನನಗಿಂತ ಎಂಟು ವರ್ಷ ಚಿಕ್ಕವಳು. ಉಯ್ಯಾಲೆ ಹಾಡಲ್ಲಿ ನಾನು ಹಿಂದೆ ನಿಂತು ತೂಗಬೇಕಿತ್ತು. ಇವಳು ಮೇಲೆ ಹೋಗಿ ಬರೋವಾಗ ಒಂದು ನಗು ನಗೋಳು. ಲೈಟ್‌ಬಾಯ್‌ಗಳು ಕೆಲಸ ಬಿಟ್ಟು ನೋಡ್ತಾ ನಿಂತ್ರು. ನಾನು ತೂಗೋದು ಮರೆತು ನಿಂತೆ. ನಾಲ್ಕು ಸಲ ಮರೆತೆ, ನಾಲ್ಕು ಸಲಾನೂ ಬೈಸಿಕೊಂಡೆ. ನನ್ನ ಜೊತೆ ಎಷ್ಟೋ ಜನ ಮಾಡಿದ್ದಾರೆ. ಇಂಥ ನಟೀನ ನಾನು ನೋಡಲಿಲ್ಲ.”

ಕುಸುಮಾವತಿ ತಲೆ ಎತ್ತಿದರು. “ಮೈಕ್ ದೂರ ಇತ್ತು, ಹಿಂದಿನವರಿಗೆ ಕೇಳಿಸಲಿಲ್ಲ. ಇನ್ನೊಂದ್ಸಲ ಹೇಳಿ.”

ಚಿಕ್ಕಮ್ಮ ವೇದಿಕೆಯ ಅಂಚಿಗೆ ಬಂದು ಮೈಕನ್ನು ಅವರ ಬಾಯಿಗೆ ಹಿಡಿದರು. “ಇಂಥ ನಟೀನ ನಾನು ನೋಡಲಿಲ್ಲ” ಎಂದು ಮಕರಂದ್ ಮತ್ತೆ ಹೇಳಿದರು. ಹೊರಗಿನ ಹಾರ್ನ್ ಸ್ಪೀಕರಿನಲ್ಲಿ ಅದು ಸಂತೆಬೀದಿಯವರೆಗೂ ಕೇಳಿಸಿತಂತೆ. ಕುಸುಮಾವತಿ ಕಾಲನ್ನು ಮುಂದಕ್ಕೆ ಚಾಚಿ, ಹಿಂದಕ್ಕೆ ಒರಗಿ, ನಕ್ಕರು. ನಾವು ನೋಡನೋಡುತ್ತಿದ್ದಂತೆ ಆ ಕುರ್ಚಿಯಲ್ಲಿ ಶಾಲಿನ ರಾಶಿ ಮಾತ್ರ ಉಳಿಯಿತು.

ಹೆಂಗಸರ ಸಾಲಿನಿಂದ ಒಂದೆರಡು ಚಪ್ಪಾಳೆ ಬಂತು. ಗಂಡಸರು ಮಕರಂದರ ಬೋಳುತಲೆಯನ್ನೇ ನೋಡುತ್ತಿದ್ದರು. ಮಕರಂದ್ ಕೂದಲನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಈಗ ತಮ್ಮ ಬಗ್ಗೆಯೂ ಯಾರಾದರೂ ಒಂದು ಮಾತು ಆಡಬಹುದೆಂದು ಕಾಯುತ್ತಿದ್ದರೇನೋ. ಷಡಾಕ್ಷರಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸಭೆಯ ಕಡೆ ತಿರುಗಿ, “ಮಹನೀಯರೇ, ಏನೋ ತಪ್ಪು ನಡೆದಿದೆ. ಇವರು ಮಕರಂದ್ ಅಲ್ಲ. ಯಾರೋ ಹಿರಿಯರು ತಪ್ಪು ಬಸ್ಸು ಹತ್ತಿ ಬಂದಿದ್ದಾರೆ” ಎಂದು ಘೋಷಿಸಿದರು.

ಸಭೆಗೆ ಜೀವ ಬಂತು. ಹೌದು ಹೌದು ಎಂದರು ಎಲ್ಲರೂ. ನಿಜವಾದ ಮಕರಂದ್ ಬಸ್‌ಸ್ಟ್ಯಾಂಡಿನಲ್ಲಿ ಹಾರಕ್ಕಾಗಿ ಕಾಯುತ್ತಿರಬಹುದೆಂದು ಅರ್ಧ ಜನ ಅತ್ತ ಓಡಿದರು. ಉಳಿದರ್ಧ ಕಟೌಟಿನ ಮುಂದೆ ಸೇರಿ, ಅದಕ್ಕೇ ಹಾರ ಹಾಕಿ, ನುಡಿನಮನವನ್ನು ಮೊದಲಿನಿಂದ ಶುರುಮಾಡಿದರು. ಹಾಲಿನಲ್ಲಿ ನಾವು ಮೂವರೇ ಉಳಿದೆವು. ನಾನು ವೈರು ಸುತ್ತಿದೆ. ಚಿಕ್ಕಮ್ಮ ಮಕರಂದರಿಗೆ ಮೆಟ್ಟಿಲಿಳಿಯಲು ಭುಜ ಕೊಟ್ಟರು.

ಇದಾಗಿ ವರ್ಷಗಳೇ ಕಳೆದವು. ಮಕರಂದ್ ಇನ್ನೂ ನಮ್ಮಲ್ಲೇ ಇದ್ದಾರೆ. ಕೆಂಪು ಜಾಕೆಟ್ಟನ್ನು ಚಿಕ್ಕಮ್ಮ ಒಗೆದು ಮಡಿಸಿಟ್ಟಿದ್ದಾರೆ. ಈಗ ಅಪ್ಪನ ಹಳೆಯ ಬನಿಯನ್ನು, ಪಂಚೆ. ಬೆಳಿಗ್ಗೆ ತರಕಾರಿ ಹೆಚ್ಚುತ್ತಾರೆ, ಮಧ್ಯಾಹ್ನ ಊಟದ ಎಲೆ ಒರೆಸಿ ಹಾಕುತ್ತಾರೆ, ಸಂಜೆ ನನ್ನ ಅಂಗಡಿಯಲ್ಲಿ ಕೂತು ಪೇಪರು ಓದುತ್ತಾರೆ. ಊರಿನ ಮಕ್ಕಳಿಗೆ ಅವರು ಉಗ್ರಾಣದ ತಾತ. ಪ್ರತಿವರ್ಷ ಮಕರಂದರ ಹುಟ್ಟುಹಬ್ಬಕ್ಕೆ ಷಡಾಕ್ಷರಿ ಕಟೌಟಿಗೆ ಕೊಡಗಟ್ಟಲೆ ಹಾಲು ಸುರಿಸುತ್ತಾರೆ. ಮಕರಂದರೂ ಹೋಗುತ್ತಾರೆ. ಬಿಸಿಲಲ್ಲಿ ಸಾಲಿನಲ್ಲಿ ನಿಂತು, ಪೊಲೀಸಿನವನು ಹಿಂದಕ್ಕೆ ತಳ್ಳಿದರೆ ಹಿಂದಕ್ಕೆ ಸರಿದು, ಕಡೆಗೆ ಎರಡು ಲಾಡು ಇಸಿದುಕೊಂಡು ಬರುತ್ತಾರೆ. ಒಂದು ಚಿಕ್ಕಮ್ಮನಿಗೆ. “ಈ ಸಲದ ಬಣ್ಣ ಚೆನ್ನಾಗಿಲ್ಲ, ಮೂಗು ಸೊಟ್ಟ ಬರೆದಿದ್ದಾರೆ” ಎನ್ನುತ್ತಾರೆ. ಬೇಜಾರೇನೂ ಕಾಣುವುದಿಲ್ಲ.

ಮೊನ್ನೆ ಹುಟ್ಟುಹಬ್ಬದ ದಿನ, ಅವರು ಹಿತ್ತಿಲಿನಲ್ಲಿ ಕೈಕಾಲು ತೊಳೆಯುತ್ತಿದ್ದಾಗ, ನಾನು ಚಿಕ್ಕಮ್ಮನನ್ನು ಕೇಳಿಯೇಬಿಟ್ಟೆ. “ಅಲ್ಲ ಚಿಕ್ಕಮ್ಮ, ಇವರ ಪಿಕ್ಚರ್ ಅಂದ್ರೆ ಪ್ರಾಣ ಬಿಡ್ತಿದ್ರಿ. ಇವರ ಬಗ್ಗೆ ನಿಮಗೆ ಒಂದು ಒಳ್ಳೆ ಮಾತು ಹೇಳೋಕೆ ಬರಲ್ವಾ? ಪಾಪ, ಎಷ್ಟು ವರ್ಷದಿಂದ ಕಾಯ್ತಾ ಇದ್ದಾರೆ.”

“ಬರದೇ ಏನು? ನಾಲಿಗೆ ತುದೀಲೇ ಇದೆ” ಎಂದರು ಚಿಕ್ಕಮ್ಮ, ಒಗ್ಗರಣೆ ಸೌಟನ್ನು ಒಲೆಯ ಮೇಲಿಡುತ್ತ. “ಹೇಳಿಬಿಟ್ಟರೆ ಹೊರಟುಹೋಗ್ತಾರಲ್ಲೋ.”

ಅಷ್ಟರಲ್ಲಿ ಮಕರಂದ್ ಪಂಚೆಯಲ್ಲಿ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಚಿಕ್ಕಮ್ಮ, ಅವರು ಬೆಳಿಗ್ಗೆ ಹೆಚ್ಚಿಟ್ಟಿದ್ದ ಹುರುಳಿಕಾಯಿಯ ತಟ್ಟೆಯನ್ನು ಎತ್ತಿ ಅವರ ಮುಖಕ್ಕೆ ಹಿಡಿದು, “ಹುರುಳಿಕಾಯಿ ಹೆಚ್ಚೋದು ಹೀಗಾ? ಒಂದು ಬೆರಳುದ್ದ, ಒಂದು ಮೊಳದುದ್ದ. ಯಾವ ಕೆಲಸಕ್ಕೂ ಬಾರದವರು ನೀವು” ಎಂದು ಗದರಿದರು. ಮಕರಂದ್ ತಟ್ಟೆ ತೆಗೆದುಕೊಂಡು, ಈಳಿಗೆಮಣೆ ಎಳೆದು ಕೂತು, ಮುಖದ ತುಂಬ ನಗುತ್ತ ಮತ್ತೆ ಹೆಚ್ಚತೊಡಗಿದರು.